ಗೋಡೆಗೆ ಒಂದು ಒದೆ

ಜೂನ್ ೧೨, ಗುರುವಾರ. ಗಾಲ್ವೇ

ಬಂದೆವು! ಮದುವೆಯಾಗಿ ಐದು ದಿನ. ಕಿಟಕಿಯ ತುಂಬಾ ಸಮುದ್ರ, ಹಾಸಿಗೆಯ ಮೇಲೆ ಟವೆಲಿನಲ್ಲಿ ಮಡಚಿಟ್ಟ ಎರಡು ಹಂಸಗಳು, ಬಚ್ಚಲಲ್ಲಿ ಅಪಸ್ವರದಲ್ಲಿ ಹಾಡುತ್ತಿರುವ ಮ್ಯಾಲಕಿ, ನನ್ನ ಗಂಡ. ನನ್ನ ಗಂಡ! ಈ ಎರಡು ಪದಗಳನ್ನು ಬರೆಯಲಿಕ್ಕೆಂದೇ ಈ ಹೊಸ ಪುಸ್ತಕ ಕೊಂಡೆ ಎಂದರೂ ತಪ್ಪಿಲ್ಲ.

ನಾಲ್ಕು ರಾತ್ರಿಯ ಈ ಹೋಟೆಲ್ ವಾಸ ನನ್ನ ಔಷಧಿ ಅಂಗಡಿಯ ಗೆಳತಿಯರ ಮದುವೆ ಉಡುಗೊರೆ. ಲಕೋಟೆ ಬಿಚ್ಚಿ "ಗಾಲ್ವೇ! ಸಮುದ್ರ!" ಎಂದು ನಾನು ಕುಣಿದಾಗ ಮ್ಯಾಲಕಿ ಯಾಕೋ ಸಪ್ಪಗಾಗಿದ್ದ. ಅವನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಆದರೆ ಕಾರಿನಲ್ಲಿ ಬರುವಾಗ ಕೈಮುಗಿದು ಹೇಳಿದ: "ನೋಡು ಫಿನೋಲಾ, ಇದನ್ನ ತೋರ್ಸು, ಅದನ್ನ ತೋರ್ಸು ಅನ್ಬೇಡ. ಊರೆಲ್ಲ ಬದಲಾಗಿದೆ. ನಾನೂ ನಿನ್ನಷ್ಟೇ ಪ್ರವಾಸಿ." ಹೋಟೆಲಿನ ಹುಡುಗಿಯಿಂದ ಊರಿನ ನಕ್ಷೆ ಕೇಳಿ ಪಡೆದು, ತಲೆಕೆಳಗಾಗಿ ಹಿಡಿದು ನೋಡಿದ. ಎಷ್ಟು ಮುದ್ದು!

ನನ್ನ ಚೀಲದ ತಳದಲ್ಲಿ, ಮೂರು ಸ್ವೆಟರುಗಳ ನಡುವೆ, ಬಾಲಯೇಸು ಮಲಗಿದ್ದಾನೆ. ಮದುವೆಗೆ ನಾಲ್ಕು ದಿನ ಮುಂಚೆ ಅಂಚೆಯಲ್ಲಿ ಬಂದವನು. ಕಳಿಸಿದವರ ಹೆಸರಿಲ್ಲ, ಚೀಟಿಯಿಲ್ಲ, ಗಾಲ್ವೇ ಅಂಚೆಯ ಮುದ್ರೆ ಮಾತ್ರ. ಒಂದು ಗೇಣಿನ ಮೂರ್ತಿ. ಕೆಂಪು ನಿಲುವಂಗಿ, ಬಣ್ಣ ಹೋದ ಕಿರೀಟ, ಕುತ್ತಿಗೆಯ ಸುತ್ತ ಹಳದಿ ಅಂಟಿನ ಒಂದು ಗೆರೆ. ಆ ಗೆರೆ ನೋಡಿ ಅಮ್ಮನಿಗೆ ಕಣ್ಣೀರೇ ಬಂತು. "ತಲೆ ತಾನಾಗೇ ಮುರಿದು ಅಂಟಿಸಿದ್ದು ಕಣೇ! ಇಂಥದ್ದಕ್ಕಿರೋ ಶಕ್ತಿ ಹೊಸದಕ್ಕೆಲ್ಲಿಂದ ಬರಬೇಕು?" ಮದುವೆಯ ಹಿಂದಿನ ಸಂಜೆ ಎಲ್ಲರ ಮನೆಯಂತೆ ನಮ್ಮಲ್ಲೂ, ಮರುದಿನ ಮಳೆ ಬಾರದಿರಲೆಂದು, ಅವನನ್ನು ಬೇಲಿಯ ಬುಡದಲ್ಲಿ ನಿಲ್ಲಿಸಿದರು. ಶನಿವಾರ ನಮ್ಮ ಮಲಿಂಗರ್‌ನಲ್ಲಿ ಒಂದು ಹನಿ ಬೀಳಲಿಲ್ಲ. ಅಪ್ಪನ ಬೋಳುತಲೆ ಸುಟ್ಟು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು!

"ಕೆಲಸ ಮುಗೀತಲ್ಲ, ಅವನನ್ನ ಅವನ ಮನೆಗೆ ಸೇರಿಸಿ ಬಾ. ಮ್ಯಾಲಕಿ ಕಡೆಯವರದ್ದೇ ಇರಬೇಕು" ಎಂದು ಅಮ್ಮನ ಅಪ್ಪಣೆ. ಮ್ಯಾಲಕಿಯನ್ನು ಕೇಳಿದರೆ, "ಯಾರೋ ಚಿಕ್ಕಮ್ಮ ಇರ್ಬೇಕು" ಎಂದ, ಮೂರ್ತಿಯ ಕಡೆ ತಿರುಗಿಯೂ ನೋಡದೆ.

"ಮಾವನವರೇ ಕಳ್ಸಿರಬಹುದಲ್ವಾ?"

"ಅಪ್ಪನಿಗೆ ಮನೆ ಬಾಗಿಲು ದಾಟೋಕೂ ಕಾಲು ಬರಲ್ಲ. ಅಂಚೆ ಕಚೇರಿಗೆ ಹಾರ್ಕೊಂಡು ಹೋದ್ರಾ?"

ಪಾಪ. ಮದುವೆಗೂ ಅದಕ್ಕೇ ಬರಲಿಲ್ಲ. ಇಲ್ಲಿಗೆ ಬಂದ ಮೇಲೆ ಅವರನ್ನು ನೋಡದೆ ಹೋಗುವುದುಂಟೇ? ಭಾನುವಾರ ಕೇಕ್ ತೆಗೆದುಕೊಂಡು ಹೋಗುವುದೆಂದು ನಾನು ನಿರ್ಧರಿಸಿಯಾಗಿದೆ. ಮ್ಯಾಲಕಿಗೆ ಇನ್ನೂ ಹೇಳಿಲ್ಲ. ಹೇಗೂ ನನ್ನ ಮಾತಿಗೆ ಇಲ್ಲವೆನ್ನುವುದು ಅವನಿಗೆ ಬರುವುದಿಲ್ಲ!

ಜೂನ್ ೧೩, ಶುಕ್ರವಾರ. ಮಧ್ಯಾಹ್ನ

ಮಳೆ, ಮಳೆ, ಮಳೆ! ಅಡ್ಡಡ್ಡ ಬೀಳುವ ಮಳೆ. ಕೊಡೆ ಎರಡು ಸಲ ಒಳಗು ಹೊರಗಾಯಿತು. ಆದರೂ ಎಂಥ ಊರು! ಬೀದಿಯ ಮೂಲೆಮೂಲೆಯಲ್ಲಿ ಪಿಟೀಲು, ಕೊಳಲು. ನೆನೆದು ತೊಪ್ಪೆಯಾದರೂ ನುಡಿಸುವುದು ನಿಲ್ಲಿಸದ ಹುಡುಗಿಯರು. ಆಭರಣದಂಗಡಿಯ ಕಿಟಕಿಯಲ್ಲಿ ಎರಡು ಕೈಗಳು ಹೃದಯ ಹಿಡಿದ ಉಂಗುರಗಳು ನೂರಾರು. ಒಳಗಿದ್ದ ಹೆಂಗಸು ನನ್ನ ಬೆರಳು ನೋಡಿ, "ಸರಿಯಾಗೇ ತೊಟ್ಟಿದೀಯಮ್ಮ, ಹೃದಯ ಒಳಮುಖ, ಮದುವೆಯಾದೋರ ಹಾಗೆ. ಎಷ್ಟು ದಿನ ಆಯ್ತು?" ಎಂದಳು. "ಆರು!" ಎಂದೆ. "ಹಾಗಾದ್ರೆ ಇನ್ನೂ ಜಗಳ ಆಗಿರಲ್ಲ ಬಿಡು" ಎಂದು ನಕ್ಕಳು. ಆಗಿಲ್ಲ! ಆಗುವುದೂ ಇಲ್ಲ!

ಮೀನಿನ ಸೂಪು ಕುಡಿಯಲು ಓಡುವಾಗ ಮ್ಯಾಲಕಿ ನನ್ನ ಕೈ ಹಿಡಿದು ಯಾವುದೋ ಸಂದಿಯೊಳಗೆ ಎಳೆದ. ಪೀಪಾಯಿಗಳ ಹಿಂದಿನಿಂದ, ಒಂದು ಹಿತ್ತಿಲ ಬಾಗಿಲಿನ ಪಕ್ಕದಿಂದ ನುಸುಳಿ ನೇರ ನದಿಯ ದಡಕ್ಕೆ ತಂದು ನಿಲ್ಲಿಸಿದ. ನಕ್ಷೆ ಜೇಬಿನಲ್ಲೇ ಇತ್ತು, ಬಿಚ್ಚಲೇ ಇಲ್ಲ. ಗಂಡಸರಿಗೆ ದಿಕ್ಕಿನ ಜ್ಞಾನ ಹುಟ್ಟಿನಿಂದಲೇ ಬರುತ್ತದೆ ಎಂದು ಅಪ್ಪ ಹೇಳುವುದು ನಿಜವಿರಬೇಕು.

ನದಿ ಕಡಲು ಸೇರುವಲ್ಲಿ ಹಂಸಗಳ ಹಿಂಡು. ಸೇತುವೆಯಾಚೆ ಕ್ಲಾಡಾ, ಹಳೆಯ ಬೆಸ್ತರ ಕೇರಿ, ಸಾಲು ಮನೆಗಳು. "ಆ ಕಡೆ ಹೋಗೋಣವಾ?" ಎಂದೆ. "ನೋಡೋಂಥದ್ದೇನಿಲ್ಲ ಅಲ್ಲಿ" ಎಂದ. ಆ ಮನೆಗಳಿಗೆ ಬೆನ್ನು ಹಾಕಿ ನಿಂತು ನಮ್ಮಿಬ್ಬರ ಫೋಟೋ ತೆಗೆದ. ಅದರಲ್ಲಿ ನಾನು ಹಲ್ಲು ಕಿರಿಯುತ್ತಿದ್ದೇನೆ, ಅವನು ಕಣ್ಣು ಮುಚ್ಚಿದ್ದಾನೆ. ನಾಳೆ ಇನ್ನೊಂದು ತೆಗೆಯಬೇಕು.

ಮಳೆ ನಿಲ್ಲುವಂತಿದೆ. ಸಂಜೆ ಸಾಲ್ಟ್‌ಹಿಲ್ ಕಡಲ ದಂಡೆಯ ದಾರಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ನಡಿಗೆ, ಐಸ್‌ಕ್ರೀಮ್!

ಜೂನ್ ೧೪, ಶನಿವಾರ

ಅವನು ಮಲಗಿದ್ದಾನೆ, ಅಥವಾ ಮಲಗಿದಂತೆ ಇದ್ದಾನೆ. ನಾನು ಕೆಳಗೆ ತಿಂಡಿಯ ಕೋಣೆಗೆ ಒಬ್ಬಳೇ ಬಂದು ಕುಳಿತಿದ್ದೇನೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಿನ್ನೆ ಸಂಜೆ ದಂಡೆಯ ದಾರಿ ಪೂರ್ತಿ ನಡೆದೆವು. ಮೋಡ ಹರಿದು ಕೊಲ್ಲಿಯಾಚೆಯ ಬೆಟ್ಟಗಳು ಕಂಡವು. ಎರಡು ಕೈಯಲ್ಲಿ ಎರಡು ಐಸ್‌ಕ್ರೀಮ್ ಹಿಡಿದು ನಾನು ಏನೇನೋ ಹರಟುತ್ತಿದ್ದೆ. ದಾರಿ ಮುಗಿಯುವಲ್ಲಿ, ಈಜುಗಾರರು ಧುಮುಕುವ ಕಟ್ಟೆಯ ಹತ್ತಿರ, ಒಂದು ಗಿಡ್ಡ ಗೋಡೆ ಇದೆ. ಮ್ಯಾಲಕಿ ನನ್ನ ಮಾತಿಗೆ ಹೂಂಗುಡುತ್ತಲೇ ಗೋಡೆಯವರೆಗೆ ಹೋದ, ಬಲಗಾಲಿನಿಂದ ಅದಕ್ಕೊಂದು ಒದೆ ಕೊಟ್ಟ, ತಿರುಗಿದ. ಅವನಿಗೇ ಗೊತ್ತಿಲ್ಲದಂತೆ. ಕಾಲು ತಾನೇ ಹೋಗಿ ಒದ್ದು ಬಂದಂತೆ.

"ಅದ್ಯಾಕೆ ಒದ್ದೆ?" ಎಂದು ನಾನು ಕೇಳುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ.

"ಬಾರ್ಟ್ಲಿ ಮಗ ಮ್ಯಾಲಕಿ ಅಲ್ವೇನೋ ನೀನು? ಮೊದ್ಲು ಕಾಲು ಗುರುತು ಹತ್ತಿತು, ಆಮೇಲೆ ಮುಖ ನೋಡ್ದೆ."

ಮಳೆಕೋಟು ತೊಟ್ಟ, ನೆಟ್ಟಗೆ ನಿಂತ ಅರವತ್ತು ದಾಟಿದ ಹೆಂಗಸು. ಹೆಸರು ಅಟ್ರಾಕ್ಟಾ. ಅವನ ಊರ ಚರ್ಚಿನ ಕಚೇರಿಯಲ್ಲಿ ಕೆಲಸವಂತೆ.

"ಊರೋರೆಲ್ಲ ಇಲ್ಲಿವರೆಗೆ ನಡೆದು ಈ ಗೋಡೆಗೆ ಒದ್ದೇ ತಿರುಗೋದು, ಆದ್ರೆ ಹಿಂಗೆ ಹಿಮ್ಮಡಿ ಎತ್ತಿ ಒದೆಯೋದು ನೀನು, ನಿಮ್ಮಪ್ಪ ಇಬ್ರೇ. ಈಗ ಅವನ ಬಲಮಂಡಿ ಹಿಡ್ಕೊಂಡಿದೆ ನೋಡು, ಎಡಗಾಲಲ್ಲಿ ಒದೀತಾನೆ ಪಾಪ. ಆದ್ರೂ ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಇಲ್ಲಿರ್ತಾನೆ. ಬೇಕಾದ್ರೆ ಅವನನ್ನ ನೋಡಿ ಗಡಿಯಾರ ಸರಿಮಾಡ್ಕೋ." ಆಮೇಲೆ ನನ್ನ ಕಡೆ ತಿರುಗಿ, "ಇವಳೇ ಏನು ಮಲಿಂಗರ್ ಹುಡುಗಿ? ನಿನ್ನ ಹೆಸರು ನಾನೇ ಬರ್ದಿದ್ದು ಕಣಮ್ಮ. ಫೆಬ್ರವರಿಲಿ ನಿಮ್ಮ ಪಾದ್ರಿಗಳು ಇವನ ದೀಕ್ಷಾಸ್ನಾನದ ಪತ್ರ ಕೇಳಿ ಬರ್ದಿದ್ರಲ್ಲ, ಮದುವೆಗೆ. ಅವತ್ತೇ ಬಾರ್ಟ್ಲಿಗೆ ಹೇಳ್ದೆ, ಜೂನ್ ಏಳಕ್ಕಂತೆ ನಿನ್ನ ಮಗನ ಮದುವೆ ಅಂತ. ‘ಗೊತ್ತು’ ಅಂದ. ಗೊತ್ತಿರ್ಲಿಲ್ಲ ಅನ್ನೋದು ಮುಖದ ಮೇಲೇ ಬರ್ದಿತ್ತು."

ಅವಳು ಹೋದ ಮೇಲೂ ನಾವು ಅಲ್ಲೇ ನಿಂತಿದ್ದೆವು. ಐಸ್‌ಕ್ರೀಮ್ ಕರಗಿ ನನ್ನ ತೋಳಿನೊಳಗೆ ಇಳಿಯುತ್ತಿತ್ತು.

"ಕಾಲು ಬರಲ್ಲ ಅಂದೆ" ಎಂದೆ.

"ಅಂದೆ."

"ದಿನಾ ಇಲ್ಲಿವರೆಗೆ ನಡೀತಾರಂತೆ!"

"ಹೂಂ."

"ನಾನು ನನ್ನ ಕೈಯಾರೆ ಬರ್ದ ಆಮಂತ್ರಣ? ಮೂಲೆಯಲ್ಲಿ ಹೂವು ಬಿಡಿಸಿದ್ದೆ!"

"ಕಾರಲ್ಲಿದೆ. ಮುಂದಿನ ಪೆಟ್ಟಿಗೇಲಿ."

ನಾನು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ, ದಾರಿಹೋಕರು ನಮ್ಮನ್ನು ಸುತ್ತಿ ಬಳಸಿ ನಡೆದದ್ದು ನೆನಪಿದೆ. ಅವನು ಗೋಡೆಯ ಮೇಲೆ ಕುಳಿತು ಬೂಟಿನ ತುದಿ ನೋಡುತ್ತಾ ಹೇಳತೊಡಗಿದ.

ನಾಲ್ಕು ವರ್ಷದ ಹಿಂದೆ ಅವನ ಅಮ್ಮ ತೀರಿಕೊಂಡಾಗ ಅವನು ಆಸ್ಟ್ರೇಲಿಯಾದಲ್ಲಿದ್ದ ಎಂಬುದಷ್ಟೇ ನನಗೆ ಗೊತ್ತಿತ್ತು. ಸುದ್ದಿ ತಿಳಿದೊಡನೆ ಹೊರಟನಂತೆ. ದಾರಿಯಲ್ಲಿ ಒಂದು ವಿಮಾನ ತಪ್ಪಿತು. ಒಂದು ದಿನ ಕಾಯಿರಿ ಎಂದು ಅಪ್ಪನಿಗೆ ಫೋನ್ ಮಾಡಿದ. ಮೂರನೇ ದಿನ ಮಣ್ಣು ಮಾಡುವುದು ನಮ್ಮಲ್ಲಿ ರೂಢಿ. ಅಪ್ಪ ಕಾಯಲಿಲ್ಲ.

"ಎಲ್ಲರೂ ಸಾಲಾಗಿ ಬಂದು ಕೈ ಹಿಡಿದು ‘ನಿನ್ನ ದುಃಖ ನಮ್ಮದೂ ಹೌದು’ ಅಂತಾರಲ್ಲ ಫಿನೋಲಾ. ಯಾರ ಸಾವಿಗೆ ಹೋದ್ರೂ ನಾವೂ ಅಂತೀವಿ, ಅರ್ಥ ಕೂಡ ಯೋಚಿಸಲ್ಲ. ಅಪ್ಪನ ಕೈ ಮುನ್ನೂರು ಜನ ಹಿಡಿದ್ರಂತೆ. ನಾನು ಮನೆ ಮುಟ್ಟಿದಾಗ ಇದ್ದದ್ದು ಒಣಗಿದ ಸ್ಯಾಂಡ್‌ವಿಚ್. ಕುರ್ಚಿನೆಲ್ಲ ವಾಪಸ್ ಸಾಗಿಸ್ತಾ ಇದ್ರು. ನನ್ನ ಕೈ ಒಬ್ರೂ ಹಿಡೀಲಿಲ್ಲ."

ಅವನು ಅವತ್ತು ಸಂಜೆಯೇ ಮನೆ ಬಿಟ್ಟ. ಮತ್ತೆ ಬಂದಿಲ್ಲ.

ಇದನ್ನೆಲ್ಲ ನನಗೆ ಎರಡು ವರ್ಷದ ಹಿಂದೆ, ಪರಿಚಯವಾದಾಗಲೇ ಹೇಳಬಹುದಿತ್ತಲ್ಲ? ನಾನು ಅವನಿಗೆ ನನ್ನ ಹಲ್ಲಿಗೆ ಹಾಕಿದ್ದ ತಂತಿಯ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದ್ದೇನೆ. ಹಾಗೆಂದು ಕೇಳಿದೆ. "ನೀನು ಕೇಳಿದ ತಕ್ಷಣ ಸರಿ ಮಾಡೋಕೆ ಹೊರಡ್ತೀಯ" ಎಂದ. ಅದು ಬೈಗುಳವೋ ಹೊಗಳಿಕೆಯೋ ಇನ್ನೂ ಯೋಚಿಸುತ್ತಿದ್ದೇನೆ.

ಅಮ್ಮನ ಫೋನ್ ಬಂತು. "ಹೇಗಿದೆಯೇ?" ಎಂದಳು. "ಸೂಪು ಚೆನ್ನಾಗಿದೆ" ಎಂದೆ.

ಅದೇ ದಿನ, ಸಂಜೆ

ದೋಣಿಯಲ್ಲಿ ದ್ವೀಪಕ್ಕೆ ಹೋಗುವ ಯೋಚನೆಯಿತ್ತು. ಗಾಳಿ ಜೋರೆಂದು ದೋಣಿ ಬಿಡಲಿಲ್ಲ. ಕೋಣೆಯಲ್ಲಿ ಇಸ್ಪೀಟು ಆಡಿದೆವು. ಮೂರು ಆಟದಲ್ಲಿ ಮೂರನ್ನೂ ನಾನೇ ಗೆದ್ದೆ. ಅವನು ಎಲೆಗಳನ್ನು ನೋಡುತ್ತಲೇ ಇರಲಿಲ್ಲ.

ಬಾಲಯೇಸುವನ್ನು ಚೀಲದಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮ್ಯಾಲಕಿ ಈ ಸಲ ನೋಡಿದ. ಎದ್ದು ಹೋಗಿ ಹೆಬ್ಬೆರಳಿನಿಂದ ಕುತ್ತಿಗೆಯ ಗೆರೆಯನ್ನು ಸವರಿದ, ಸುತ್ತಲೂ, ನಿಧಾನಕ್ಕೆ. ಏನೆಂದು ಕೇಳದೆ ಇರಲು ನಾನು ಎಲೆಗಳನ್ನು ಏಳು ಸಲ ಕಲೆಸಿದೆ.

ಜೂನ್ ೧೫, ಭಾನುವಾರ

ಚರ್ಚಿನ ಪೂಜೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟೆ. ಚೀಲದಲ್ಲಿ ಬಾಲಯೇಸು ಇದ್ದದ್ದರಿಂದ ಅದು ಪೂರ್ತಿ ಸುಳ್ಳಲ್ಲ ಎಂದುಕೊಂಡೆ.

ಹತ್ತಕ್ಕೆ ಹತ್ತು ನಿಮಿಷವಿರುವಾಗ ಗೋಡೆಯ ಹತ್ತಿರ ಇದ್ದೆ. ಹೋಟೆಲಿನ ಕನ್ನಡಿಯ ಮುಂದೆ ನಾಲ್ಕು ವಾಕ್ಯಗಳ ಭಾಷಣ ತಯಾರಿಸಿಕೊಂಡಿದ್ದೆ. ಕ್ಷಮೆ, ಕುಟುಂಬ, ಕಾಲ ಯಾರಿಗೂ ನಿಲ್ಲುವುದಿಲ್ಲ ಇತ್ಯಾದಿ. ಈಜುಗಾರರು ಚಳಿಗೆ ಕಿರುಚುತ್ತಾ ನೀರಿಗೆ ಬೀಳುತ್ತಿದ್ದರು. ದಾರಿಯ ಮೇಲೆ ದೂರದಿಂದ ಒಂದು ಚಪ್ಪಟೆ ಟೋಪಿ ಬರುತ್ತಿತ್ತು. ಬಲಗಾಲು ಬಾಗುತ್ತಿಲ್ಲ, ಆದರೂ ನಡಿಗೆ ನಿಲ್ಲುತ್ತಿಲ್ಲ. ಮುದುಕರು ನೇರ ಗೋಡೆಯ ಬಳಿ ಬಂದರು, ಅಂಗೈ ಊರಿ ತೂಕ ಬಿಟ್ಟು, ಎಡಗಾಲಿನಿಂದ ಮೆಲ್ಲಗೆ ಒದ್ದರು. ತಿರುಗಿದರು. ನನ್ನ ಚೀಲದ ಬಾಯಿಯಿಂದ ಕಿರೀಟ ಇಣುಕುತ್ತಿತ್ತು.

"ತಲೆ ಜೋಪಾನ ಹುಡುಗಿ" ಎಂದರು. "ಒಂದ್ಸಲ ಹೋಗಿದೆ ಅದು."

ಭಾಷಣ ಎಲ್ಲಿ ಹೋಯಿತೋ! ಅವರು ಐರಿಷ್‌ನಲ್ಲಿ ಏನೋ ಕೇಳಿದರು. ನಾನು ಇಂಗ್ಲಿಷ್ ಮಾಧ್ಯಮದವಳು. ಹದಿಮೂರು ವರ್ಷ ಪಾಠವಾಗಿ ಐರಿಷ್ ಕಲಿತೂ, ನಮ್ಮ ತರಗತಿಯ ಎಲ್ಲರಂತೆ, ತಡವರಿಸದೆ ಹೇಳಲು ಬರುವುದು ಒಂದೇ ವಾಕ್ಯ. ಬಾಯಿಗೆ ಅದೇ ಬಂದುಬಿಟ್ಟಿತು: ನಾನು ಶೌಚಾಲಯಕ್ಕೆ ಹೋಗಬಹುದೇ?

ಅವರು ಗಂಭೀರವಾಗಿ ಕೈ ಎತ್ತಿ ತೋರಿಸಿದರು. "ಅಗೋ, ಆ ನೀಲಿ ಬಾಗಿಲು." ಆಮೇಲೆ ಅವರ ಭುಜ ಅಲುಗತೊಡಗಿತು. ನಗುವಾಗ ಮ್ಯಾಲಕಿಯದೇ ಭುಜ.

ಗೋಡೆಯ ಮೇಲೆ ಕುಳಿತೆವು.

"ಬಿಸಿಲು ಬಂತಾ?" ಎಂದರು.

"ಬಂತು. ಬೆಳಗ್ಗೆ ಏಳರಿಂದ."

"ಇಡೀ ದಿನ?"

"ಇಡೀ ದಿನ. ನಮ್ಮಪ್ಪನ ತಲೆ ಸುಟ್ಟುಹೋಯ್ತು."

"ಇಲ್ಲಿ ಸುರೀತಾ ಇತ್ತು" ಎಂದರು, ಬಹಳ ಸಮಾಧಾನದಿಂದ. "ಅದೇ ಸರಿ. ಅಲ್ಲಿಗೆ ಕಳ್ಸಿದ್ನಲ್ಲ."

ಬಾಲಯೇಸುವನ್ನು ಹೊರತೆಗೆದು ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡರು. "ಮ್ಯಾಲಕಿಗೆ ಎಂಟು ವರ್ಷ ಆಗ. ಮನೆಯೊಳಗೆ ಹರ್ಲಿಂಗ್ ಆಟದ ಚೆಂಡನ್ನ ದಾಂಡಿಂದ ಹೊಡ್ದ. ತಲೆನ ಮೂರು ದಿನ ಮಂಚದ ಕೆಳಗೆ ಬಚ್ಚಿಟ್ಟಿದ್ದ. ಅವರಮ್ಮ ಹುಡುಕಿ ಅಂಟಿಸಿದ್ಲು. ನಂಗೆ ಹೇಳ್ಬಾರ್ದು ಅಂತ ಇಬ್ರದ್ದೂ ಒಪ್ಪಂದ."

"ತಾನಾಗೇ ಮುರಿದ್ರೇ ಒಳ್ಳೇದು ಅಂತಾರಲ್ಲ?"

"ನಾವೂ ಊರೋರಿಗೆ ಹಾಗೇ ಹೇಳಿದ್ವಿ. ಹನ್ನೊಂದು ಮದುವೆಗೆ ಕೇಳ್ಕೊಂಡು ಹೋಗಿದಾರೆ ಇದನ್ನ. ಒಂದರಲ್ಲೂ ಮಳೆ ಬಂದಿಲ್ಲ."

ಮಗನಿಗಾಗಿ ಯಾಕೆ ಕಾಯಲಿಲ್ಲ ಎಂದು ನಾನಾಗಿ ಕೇಳಬಾರದೆಂದುಕೊಂಡೆ. ಒಂದು ನಾಯಿ ಬಂದು ಅವರ ಬೂಟು ಮೂಸಿ ಹೋಯಿತು. ಈಜು ಮುಗಿಸಿದವರು ಬಿಸಿ ಚಹಾ ಸುರಿದುಕೊಳ್ಳುತ್ತಿದ್ದರು. ನಾನು ನನ್ನ ನಾಲಿಗೆಯ ಮೇಲೆ ಕುಳಿತಂತೆ ಕುಳಿತಿದ್ದೆ. ಕೊನೆಗೆ ಅವರೇ ಹೇಳಿದರು.

"ಕಾಯಬೇಕಿತ್ತು ನಾನು. ಎರಡು ರಾತ್ರಿ ಮುಂದಿನ ಕೋಣೇಲಿ ಅವಳ ಪಕ್ಕ ಕೂತಿದ್ದೆ. ಮೂರನೇ ರಾತ್ರಿನೂ ಕೂತಿದ್ರೆ ಕೊಡ್ತಾನೇ ಇರ್ಲಿಲ್ಲ ಅವಳನ್ನ. ಯಾರು ಬಂದು ಕೇಳಿದ್ರೂ ಕೊಡ್ತಿರ್ಲಿಲ್ಲ. ಅದಕ್ಕೆ ಬೇಗ ಕಳ್ಸಿಬಿಟ್ಟೆ."

"ಇದನ್ನ ಅವನಿಗೆ ಹೇಳಿದ್ರಾ ಮಾವ?" ಮಾವ ಎಂದು ಕರೆಯಬಹುದೋ ಇಲ್ಲವೋ ಯೋಚಿಸುವ ಮೊದಲೇ ಬಂದಿತ್ತು.

"ಅವನು ನಿಲ್ಲಲಿಲ್ಲ. ನಾನು ಕರೀಲಿಲ್ಲ." ಮೂರ್ತಿಯನ್ನು ನನ್ನ ಚೀಲಕ್ಕೆ ವಾಪಸ್ ಇಳಿಸಿದರು. "ನೀನು ಹೇಳ್ಬೇಡ. ನನ್ನ ಬಾಯಿಂದ ಬರಬೇಕಾದ್ದು ಅದು. ಮತ್ತೆ ಇದನ್ನ ನಿನ್ನ ಕೈಯಿಂದ ತಗೊಳಲ್ಲ ನಾನು. ಮುರಿದೋನೇ ತರ್ಲಿ."

ಎದ್ದು ಟೋಪಿ ಸರಿಮಾಡಿಕೊಂಡರು. "ನಾಳೇನೂ ಹತ್ತಕ್ಕೆ ಬರ್ತೀನಿ. ಮಳೆ ಬಂದ್ರೂ."

ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಊಟ ಸರಿಯಾಗಿ ಮಾಡ್ತಾನಾ?"

"ಎರಡಾಳಿನಷ್ಟು."

"ಅದು ಅವರಮ್ಮನ ಕಡೆದು" ಎಂದು ಹೊರಟರು.

ಹೋಟೆಲಿಗೆ ಬಂದರೆ ಮ್ಯಾಲಕಿ ಕೇಳಿದ: "ಪೂಜೆ ಹೇಗಿತ್ತು?"

"ಚೆನ್ನಾಗಿತ್ತು. ಪಾದ್ರಿಗಳ ಉಪದೇಶ ಚಿಕ್ಕದಾಗಿತ್ತು."

ಮದುವೆಯಾಗಿ ಎಂಟನೇ ದಿನಕ್ಕೆ ನನ್ನದೂ ಒಂದು ಗುಟ್ಟಾಯಿತು. ಮೊನ್ನೆ ಅವನಿಗೆ ಬೈದದ್ದು ಇದಕ್ಕೇ ಅಲ್ಲವೇ? ಹೇಳಿಬಿಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ ಎನಿಸಿತು. ನಾಲಿಗೆಯ ತುದಿಗೂ ಬಂತು. ಆದರೆ ಆ ಮಾತನ್ನು ಒಮ್ಮೆ ನನ್ನಿಂದ ಕೇಳಿಬಿಟ್ಟರೆ, ಅವರಿಂದ ಕೇಳುವುದು ಅವನಿಗೆ ಉಳಿಯುವುದಿಲ್ಲ. ಆದ್ದರಿಂದ ಬಾಲಯೇಸುವನ್ನು ತೆಗೆದು ಅವನ ಮಡಿಲಲ್ಲಿಟ್ಟೆ.

"ಇದನ್ನ ಇನ್ನು ನಾನು ಹೊರೋದಿಲ್ಲ. ನೀನು ಮುರಿದದ್ದು. ನೀನೇ ಎಲ್ಲಿಗೆ ಸೇರಿಸ್ತೀಯೋ ಸೇರಿಸು."

ಅವನು ನನ್ನನ್ನೇ ನೋಡಿದ. ನಾನು ಮುರಿದೆ ಎಂದು ನಿನಗೆ ಯಾರು ಹೇಳಿದರು ಎಂದು ಕೇಳಲಿಲ್ಲ. ಚೀಲದ ಮೇಲಿನ ಉಪ್ಪುನೀರಿನ ಕಲೆ ನೋಡಿದ, ನನ್ನ ಬೂಟಿನ ಮರಳು ನೋಡಿದ.

"ಇನ್ನೂ ಎಡಗಾಲಲ್ಲೇ?" ಎಂದ.

"ಹೂಂ."

"ನೋವಿದೆಯಾ?"

"ನೀನೇ ಕೇಳು."

ಜೂನ್ ೧೬, ಸೋಮವಾರ

ಮಳೆ. ದಾರಿಯಲ್ಲಿ ನಾವು ಮೂವರೇ, ಬಾಲಯೇಸು ಸೇರಿ. ಅವನನ್ನು ಮ್ಯಾಲಕಿ ಕೋಟಿನೊಳಗೆ ಗುಂಡಿ ಹಾಕಿ ಹೊತ್ತಿದ್ದ. ಎರಡು ಸಲ ನಿಂತ. ನಾನೂ ನಿಂತೆ.

ಮಾವ ಮೊದಲೇ ಬಂದಿದ್ದರು. ಗೋಡೆಗೆ ಇನ್ನೂ ಒದ್ದಿರಲಿಲ್ಲ, ಕಾಯುತ್ತಿದ್ದರು. ಇಬ್ಬರ ನಡುವೆ ಆರು ಹೆಜ್ಜೆ. ಮ್ಯಾಲಕಿ ಮೂರ್ತಿ ಹೊರತೆಗೆಯಲು ಗುಂಡಿಗಳ ಜೊತೆ ಒದ್ದಾಡುತ್ತಿದ್ದ. ನಾನು ಸಹಾಯ ಮಾಡಲಿಲ್ಲ.

ಮುದುಕರು ಟೋಪಿ ತೆಗೆದರು. ಆ ಮಳೆಯಲ್ಲಿ. ಆರು ಹೆಜ್ಜೆಯನ್ನೂ ಅವರೇ ನಡೆದು ಬಂದು, ಮಣ್ಣು ಮಾಡುವ ದಿನ ಚರ್ಚಿನ ಮುಂದಿನ ಸಾಲಿನಲ್ಲಿ ಕುಳಿತ ಮನೆಯವರ ಎದುರು ನಿಲ್ಲುವಂತೆ ನಿಂತು, ಮಗನಿಗೆ ಕೈ ಚಾಚಿದರು.

"ನಿನ್ನ ದುಃಖ ನನ್ನದೂ ಹೌದು, ಮ್ಯಾಲಕಿ."

ಅವನು ಕೈ ಹಿಡಿದ. ಹಿಂದೆ ಸಾಲಿನಲ್ಲಿ ಯಾರೂ ಕಾಯುತ್ತಿರಲಿಲ್ಲವಾದ್ದರಿಂದ, ಬೇಗ ಬಿಡಬೇಕಾದ ಅವಸರ ಇರಲಿಲ್ಲ.

ಆಮೇಲೆ ಮಾವ ಅವನ ಭುಜ ಹಿಡಿದು ಗೋಡೆಗೆ ಒದ್ದರು. ಅವನು ಒದ್ದ. ಇಬ್ಬರೂ ನನ್ನ ಕಡೆ ನೋಡಿದರು, ನಾನೂ ಒದ್ದೆ.

ಹನ್ನೊಂದಕ್ಕೆ ಹೋಟೆಲಿನ ಕೋಣೆ ಬಿಡಬೇಕಿತ್ತು. ಈಗ ಹನ್ನೆರಡೂವರೆ. ಇದನ್ನು ಬರೆಯುತ್ತಿರುವುದು ಸೇತುವೆಯ ಆ ಕಡೆಯ ಮನೆಯೊಂದರ ಅಡುಗೆಮನೆಯಲ್ಲಿ. ಬಾಲಯೇಸು ಕಿಟಕಿಯಲ್ಲಿ ಹಂಸಗಳನ್ನು ನೋಡುತ್ತಾ ನಿಂತಿದ್ದಾನೆ. ಅಮ್ಮ ಎರಡು ಸಲ ಫೋನ್ ಮಾಡಿದಳು. ಆಮೇಲೆ ಮಾತಾಡುತ್ತೇನೆ.

ಅವರಿಬ್ಬರೂ ಮುಂದಿನ ಕೋಣೆಯಲ್ಲಿದ್ದಾರೆ. ಬಾಗಿಲು ಮುಚ್ಚಿದೆ. ಒಮ್ಮೊಮ್ಮೆ ಒಂದು ದನಿ, ಬಹಳ ಹೊತ್ತು ಏನೂ ಇಲ್ಲ, ಮತ್ತೆ ಇನ್ನೊಂದು ದನಿ. ಮೂರು ಲೋಟ ಚಹಾ ಮಾಡಿಟ್ಟಿದ್ದೆ, ಆರಿ ತಣ್ಣಗಾಯಿತು. ಚೆಲ್ಲಿ, ನೀರು ಮತ್ತೆ ಕಾಯಲು ಇಟ್ಟಿದ್ದೇನೆ.